ತೊಟ್ಟಿಲ ಲೆಕ್ಕದ ಪಾಠಾಂತರಗಳು

ಚಾಮರಾಜನಗರ ಒಂದು ಹುಟ್ಟಿನ ನೆನಪಿಗೆ ಹೆಸರು ಪಡೆದ ಊರು. ಅರಿಕುಠಾರವೆಂದಿದ್ದ ಈ ಊರಿನಲ್ಲಿ ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ್ದರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟರು. ಚಾಮರಾಜೇಶ್ವರನ ಗುಡಿ ಎದ್ದಿತು, ಜನನ ಮಂಟಪವೂ ಎದ್ದಿತು. ಗುಂಡ್ಲುಪೇಟೆಯದು ಸಾವಿನ ನೆನಪು. ಅಲ್ಲಿ ತಂದೆಯ ಸ್ಮರಣೆಗಾಗಿ ಚಿಕ್ಕದೇವರಾಜ ಒಡೆಯರು ಪರವಾಸುದೇವರ ಗುಡಿಯನ್ನು ಕಟ್ಟಿಸಿದರು. ಅರಸುಮನೆಯ ಒಂದು ಜನನವೂ ಒಂದು ಮರಣವೂ ಹೀಗೆ ಕಲ್ಲಿನಲ್ಲಿ ನಿಂತಿವೆ. ಈ ಎರಡು ಊರುಗಳ ನಡುವಣ ಹಳ್ಳಿಗಳಲ್ಲಿ ಹುಟ್ಟಿ, ವರ್ಷ ತುಂಬುವ ಮೊದಲೇ ಕಣ್ಮುಚ್ಚಿದ ಕೂಸುಗಳಿಗೆ ಕಲ್ಲಿನ ಮಾತು ಹಾಗಿರಲಿ, ಕಾಗದದ ಮೇಲೊಂದು ಗೆರೆಯೂ ಎಷ್ಟೋ ಸಲ ದಕ್ಕಲಿಲ್ಲ.

ಈ ಮಾತು ನೆನಪಾಗುವುದಕ್ಕೆ ಕಾರಣ, ಈಚೆಗೆ ನನ್ನ ಕೈಗೆ ಬಂದ ಒಂದು ಸ್ಮರಣ ಸಂಚಿಕೆ. ಅದರ ಒಂದು ಲೇಖನ, ಹಿಂದೆ ಹತ್ತಕ್ಕೆ ಐದು ಕೂಸುಗಳು ಸಾಯುತ್ತಿದ್ದವೆಂದೂ ಇಂದು ನಮ್ಮ ಜಿಲ್ಲೆಯಲ್ಲಿ ಸಾವಿರಕ್ಕೆ 19 ಮಾತ್ರವೆಂದೂ ಸಾರಿತ್ತು. ನಾಲ್ಕು ಪುಟ ತಿರುವಿದರೆ ಇನ್ನೊಬ್ಬ ಲೇಖಕರು, ರಾಗಿಮುದ್ದೆ ಉಂಡು ಗಟ್ಟಿಯಾಗಿದ್ದ ಆ ಕಾಲದಲ್ಲಿ ಮಕ್ಕಳ ಸಾವು ಅಪರೂಪವಾಗಿತ್ತೆಂದು ನಿಟ್ಟುಸಿರುಬಿಟ್ಟಿದ್ದರು. ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದ ಸಂಪಾದಕರಿಗೆ ಯಾವ ಇರುಸುಮುರುಸೂ ಆದಂತೆ ಕಾಣಲಿಲ್ಲ.

ಅಂಕಿಯ ಗೊಡವೆ ಕನ್ನಡ ಮೇಷ್ಟರಿಗೇಕೆ ಎಂದು ವಾಚಕರು ಕೇಳಬಹುದು. ನನ್ನ ಉತ್ತರವಿಷ್ಟು: ಹಳೆಯ ಕಾವ್ಯವೊಂದನ್ನು ಸಂಪಾದಿಸುವವನು ಓಲೆಗರಿಯನ್ನು ಕಂಡೊಡನೆ ನಂಬುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು, ಯಾವ ಪ್ರತಿಯನ್ನು ನೋಡಿ ಬರೆದರು, ಎಲ್ಲಿ ಗರಿ ಮುರಿದಿದೆ ಎಂದು ಕೇಳುತ್ತಾನೆ. ಅಂಕಿಗಳ ಪಟ್ಟಿಯೂ ಒಂದು ಪ್ರತಿಯೇ. ಅದಕ್ಕೂ ಲಿಪಿಕಾರರಿದ್ದಾರೆ, ಅದರಲ್ಲಿಯೂ ಲೋಪಗಳಿವೆ, ಪಾಠಾಂತರಗಳಿವೆ.

ಶಿಶುಮರಣ ಪ್ರಮಾಣವೆಂದರೆ, ಒಂದು ವರ್ಷದಲ್ಲಿ ಸತ್ತ ಒಂದು ವರ್ಷದೊಳಗಿನ ಮಕ್ಕಳ ಸಂಖ್ಯೆಯನ್ನು ಅದೇ ವರ್ಷ ಜೀವಂತವಾಗಿ ಹುಟ್ಟಿದ ಮಕ್ಕಳ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದ್ದು. ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಎರಡರಲ್ಲಿಯೂ ತಪ್ಪಬಹುದು. ಒಂದು ಕಲ್ಪಿತ ಹೋಬಳಿಯನ್ನು ತೆಗೆದುಕೊಳ್ಳೋಣ. ನೂರು ಮಕ್ಕಳು ಹುಟ್ಟಿದವು, ಹತ್ತು ಸತ್ತವು. ನಿಜವಾದ ಪ್ರಮಾಣ ಸಾವಿರಕ್ಕೆ 100. ಆದರೆ ಲೆಕ್ಕದ ಪುಸ್ತಕಕ್ಕೆ ಹತ್ತಿದ್ದು ಅರವತ್ತು ಜನನ, ಮೂರು ಮರಣ ಮಾತ್ರ. ಪುಸ್ತಕ 50 ಎನ್ನುತ್ತದೆ. ಮುಂದೆ ಚುರುಕಾದ ಗುಮಾಸ್ತನೊಬ್ಬ ಬಂದು ಎಲ್ಲವನ್ನೂ ಬರೆದುಕೊಂಡನೆಂದರೆ ಪ್ರಮಾಣ ಒಮ್ಮೆಗೇ 100ಕ್ಕೆ ಏರುತ್ತದೆ. ಒಂದು ಕೂಸೂ ಹೆಚ್ಚಾಗಿ ಸತ್ತಿಲ್ಲ. ಹೆಚ್ಚಿದ್ದು ಶಾಯಿಯ ಖರ್ಚು. ‘ಹಿಂದೆ ಮಕ್ಕಳು ಸಾಯುತ್ತಿರಲಿಲ್ಲ’ ಎನ್ನುವ ಲೇಖಕರು ನಂಬಿಕೊಂಡಿದ್ದು ಮುರಿದ ಗರಿಯನ್ನು.

ಪಟೇಲರೂ ಶಾನುಭೋಗರೂ ಹೇಳಿ ಬರೆಸುತ್ತಿದ್ದ ಕಾಲದಲ್ಲಿ ಗರಿ ಮುರಿಯುವುದಕ್ಕೆ ಕಾರಣಗಳು ಹಲವು. ಸೂಲಗಿತ್ತಿಯ ಕೈಯಲ್ಲಿ ಎರಡು ಗಳಿಗೆ ಉಸಿರಾಡಿ ನಿಂತುಹೋದ ಕೂಸನ್ನು ‘ಸತ್ತು ಹುಟ್ಟಿತು’ ಎಂದುಬಿಡುತ್ತಿದ್ದರು. ನಾಮಕರಣಕ್ಕೆ ಮುಂಚೆ ಹೋದದ್ದನ್ನು ಯಾವ ಹೆಸರಿನಲ್ಲಿ ಬರೆಸುವುದು? ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಮುಂಚಿನ ಪುಸ್ತಕಗಳನ್ನೂ ಆಮೇಲಿನ ಪುಸ್ತಕಗಳನ್ನೂ ಒಂದೇ ತಕ್ಕಡಿಯಲ್ಲಿಡುವುದು ಸಲ್ಲದು.

ಇನ್ನು ಎಲ್ಲೆಯ ಮಾತು. ಹಳೆಯ ಮೈಸೂರು ಜಿಲ್ಲೆಯ ಅಂಕಿಯನ್ನು ಇಂದಿನ ಚಾಮರಾಜನಗರ ಜಿಲ್ಲೆಯದರ ಪಕ್ಕಕ್ಕಿಟ್ಟು ತೂಗುವ ಅಭ್ಯಾಸ ನಮ್ಮಲ್ಲಿದೆ. ಮಂಡ್ಯ ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಹೆಸರು ಒಂದಾದರೆ ಊರು ಒಂದೇ ಆಗಬೇಕೆಂದಿಲ್ಲ. ಇಬ್ಬರು ಕವಿಗಳು ಒಂದೇ ಅಂಕಿತದಲ್ಲಿ ಬರೆದದ್ದುಂಟಷ್ಟೆ!

ಸಾವಿರಕ್ಕೆ 19 ಎಂಬ ಅಂಕಿಯಾದರೂ ಜಿಲ್ಲೆಯದಲ್ಲ. ಅದು ಮಾದರಿ ನೋಂದಣಿ ಪದ್ಧತಿಯವರು 2020ಕ್ಕೆ ಇಡೀ ಕರ್ನಾಟಕಕ್ಕೆ ಕೊಟ್ಟ ಅಂಕಿ. ಆ ಪದ್ಧತಿ ಜಿಲ್ಲೆವಾರು ಪ್ರಮಾಣವನ್ನು ಕೊಡುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೂ ಬೆಂಗಳೂರಿನ ಬಡಾವಣೆಗೂ ಸೇರಿ ಬಂದ ಸರಾಸರಿಯನ್ನು ಎತ್ತಿ ಬರೀ ಪೋಡಿನ ಬಾಗಿಲಿಗೆ ಕಟ್ಟಿದರೆ, ಅಲ್ಲಿ ನಿಜವಾಗಿ ಎಷ್ಟು ಕೊರತೆಯಿದೆಯೆಂಬುದೇ ಮರೆಯಾಗುತ್ತದೆ. ಅದೇ ಕಾಲದಲ್ಲಿ, ಅಂದರೆ 2019–20ರಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯಕ್ಕೆ ಕೊಟ್ಟದ್ದು ಸುಮಾರು 25. ಇಬ್ಬರಲ್ಲೊಬ್ಬರು ಸುಳ್ಳರೆಂದಲ್ಲ. ಮಾದರಿ ನೋಂದಣಿಯದು ಆ ಒಂದು ವರ್ಷದ ಲೆಕ್ಕ. ಸಮೀಕ್ಷೆಯದು ಹಿಂದಿನ ಐದು ವರ್ಷಗಳನ್ನು ಕೂಡಿಸಿಕೊಂಡ ಲೆಕ್ಕ. ಸಾವು ಇಳಿಯುತ್ತಿರುವ ಕಾಲದಲ್ಲಿ ಐದು ವರ್ಷದ ಲೆಕ್ಕ ಮೇಲೆ ನಿಲ್ಲುವುದು ಸಹಜವೇ.

ಒಂದೇ ಮೂಲದ ಅಂಕಿಗಳನ್ನು ಸಾಲಾಗಿ ಓದಿದರೆ ಕಥೆ ಹೆಚ್ಚು ಸ್ಪಷ್ಟ. ಮಾದರಿ ನೋಂದಣಿಯಂತೆ ಕರ್ನಾಟಕದಲ್ಲಿ ಶಿಶುಮರಣ 1971ರಲ್ಲಿ ಸಾವಿರಕ್ಕೆ 95, 1981ರಲ್ಲಿ 69, 1991ರಲ್ಲಿ 77, 2001ರಲ್ಲಿ 58, 2011ರಲ್ಲಿ 35, 2020ರಲ್ಲಿ 19. ಇಳಿತ ನಿಸ್ಸಂದೇಹ. ಆದರೂ 69ರ ಆಮೇಲೆ 77 ಬಂದಿರುವುದನ್ನು ನೋಡಿ. ಆಯ್ದ ಊರುಗಳಿಂದ ಬಂದ ಲೆಕ್ಕದಲ್ಲಿ ಒಂದೊಂದು ವರ್ಷದ ಅಂಕಿ ಹೀಗೆ ಹೊಯ್ದಾಡುವುದುಂಟು. ಹತ್ತು ವರ್ಷಕ್ಕೊಂದನ್ನು ಹೆಕ್ಕಿ ಅದರ ಮೇಲೆ ಸಿದ್ಧಾಂತ ಕಟ್ಟುವವರು ಒಂದೆರಡು ವರ್ಷ ಹಿಂದೆ ಮುಂದೆ ನೋಡುವುದು ಲೇಸು. ಪ್ರದೇಶ ಕಿರಿದಾದಷ್ಟೂ ಈ ಹೊಯ್ದಾಟ ಹೆಚ್ಚು. ವರ್ಷಕ್ಕೆ ಇಪ್ಪತ್ತೈದು ಮಕ್ಕಳು ಹುಟ್ಟುವ ಹಳ್ಳಿಯಲ್ಲಿ ಒಂದು ಕೂಸು ಸತ್ತರೆ ಸಾವಿರಕ್ಕೆ 40, ಎರಡು ಸತ್ತರೆ 80, ಸಾಯದಿದ್ದರೆ ಸೊನ್ನೆ. ಆ ಸೊನ್ನೆಗೆ ಹಾರ ಹಾಕುವುದೂ ಮರುವರ್ಷದ 80ಕ್ಕೆ ಅಲ್ಲಿನ ದಾದಿಯನ್ನು ಬೈಯುವುದೂ ಒಂದೇ ಬಗೆಯ ಅವಿವೇಕ.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಏನು ಹೇಳುತ್ತದೆ? ಮಲೆಯ ಮಾದಪ್ಪನ ಕಥೆಯಲ್ಲಿ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಮಕ್ಕಳಿಲ್ಲದವಳ ಗೋಳು. ಮಾದಪ್ಪನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಹೆಸರಿನ ಮೊದಲಲ್ಲೇ ಗುಂಡ್ಲನ್ನು ಹೊತ್ತ ಜಿ.ಪಿ. ರಾಜರತ್ನಂ ಬದುಕಿ ನಲಿವ ಮಕ್ಕಳಿಗೆ ಹಾಡು ಕಟ್ಟಿದರು. ಕೂಸನ್ನು ಕಳೆದುಕೊಂಡ ದುಃಖವನ್ನು ಬೇಂದ್ರೆಯವರು ಹಾಡಾಗಿಸಿದ್ದು ಕನ್ನಡಿಗರೆಲ್ಲರಿಗೂ ಗೊತ್ತು. ಆದರೆ ಇವೆಲ್ಲಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಂಡದ್ದು ಹೆಸರುಗಳಲ್ಲಿ. ಹುಟ್ಟಿದವು ನಿಲ್ಲದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ಗುಂಡ, ಕಲ್ಲ ಎಂದಿಡುತ್ತಿದ್ದರು. ಇಂಥ ಹೆಸರಿನದನ್ನು ಸಾವು ಮೂಸಿಯೂ ನೋಡದೆಂಬ ಆಸೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ತಿಪ್ಪಮ್ಮ ಇಲ್ಲ. ಹೆಸರಿನ ರುಚಿ ಬದಲಾದದ್ದು ಒಂದು ಕಾರಣವಿರಬಹುದು. ಆ ಹೆಸರನ್ನಿಡುವ ಭಯ ಕಡಿಮೆಯಾದದ್ದೂ ಒಂದು ಕಾರಣವೆಂದು ನಂಬಲು ನನಗೆ ಇಷ್ಟ.

ವಿಚಿತ್ರವೆಂದರೆ, ಪುಸ್ತಕಗಳು ಕೈಕೊಟ್ಟಲ್ಲಿ ಜನಸಂಖ್ಯಾಶಾಸ್ತ್ರಜ್ಞರೂ ಕೊನೆಗೆ ಹೋದದ್ದು ತಾಯಂದಿರ ಬಳಿಗೇ. ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ 1951–52ರಲ್ಲಿ ಬೆಂಗಳೂರು ನಗರದಲ್ಲಿಯೂ ಮೈಸೂರು ಸೀಮೆಯ ಆಯ್ದ ಹಳ್ಳಿಗಳಲ್ಲಿಯೂ ನಡೆಸಿದ ಸಮೀಕ್ಷೆ 1961ರಲ್ಲಿ ಗ್ರಂಥವಾಗಿ ಬಂತು. ಮನೆಮನೆಗೆ ಹೋಗಿ ಕೇಳಿ ಬರೆದದ್ದು ಅದು. ಬ್ರಿಟನ್ನಿನ ವಿಲಿಯಂ ಬ್ರಾಸ್ 1960ರ ದಶಕದಲ್ಲಿ, ನೋಂದಣಿ ಸರಿಯಿಲ್ಲದ ಆಫ್ರಿಕದ ನಾಡುಗಳಿಗಾಗಿ, ಎರಡೇ ಪ್ರಶ್ನೆಗಳಿಂದ ಮಕ್ಕಳ ಮರಣವನ್ನು ಅಂದಾಜು ಮಾಡುವ ಕ್ರಮವನ್ನು ಬೆಳೆಸಿದರು: ಎಷ್ಟು ಹೆತ್ತೆ? ಎಷ್ಟು ಉಳಿದಿವೆ? ನಮ್ಮ 1981ರ ಜನಗಣತಿಯಲ್ಲಿಯೂ ಈ ಪ್ರಶ್ನೆಗಳಿದ್ದವು. ಹರೆಯದ ತಾಯಂದಿರ ಉತ್ತರವನ್ನು ಶಾಸ್ತ್ರಜ್ಞರು ಹೆಚ್ಚು ನಂಬುತ್ತಾರೆ. ವಯಸ್ಸಾದವರು ಸತ್ತುಹೋದವನ್ನು ಬಿಟ್ಟು ಹೇಳುತ್ತಾರೆಂಬುದು ಅವರ ಅನುಭವ.

ಆ ಅನುಭವ ನನ್ನದೂ ಹೌದು. ತೆರಕಣಾಂಬಿಯ ಕಡೆಯ ನಮ್ಮ ಅಜ್ಜಿ ಆ ಗಣತಿಗೆ ಬಂದ ಮೇಷ್ಟರಿಗೆ “ಏಳು ಎತ್ತಿ, ನಾಕು ಉಳ್ಕಂಡೊ” ಎಂದು ಬರೆಸಿದ್ದಳೆಂದು ತಂದೆ ಹೇಳುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಅದೇ ಲೆಕ್ಕ. ಎಷ್ಟೋ ವರ್ಷದ ಮೇಲೆ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ತೊಟ್ಟಿಲ ಹಗ್ಗ ಹಿಡಿದು ಕೂತಿದ್ದ ಅಜ್ಜಿ ಮೆಲ್ಲಗೆ, “ಒಂಬತ್ತು ಕನ ಮೊಗ. ಎರಡ್ಕ ಎಸ್ರು ಮಡ್ಗಿರ್ನಿಲ್ಲ” ಎಂದಳು. ಮತ್ತೆ ಆ ಮಾತೆತ್ತಲಿಲ್ಲ.

ಏಳಕ್ಕೆ ಮೂರು ಸತ್ತವು ಎಂಬುದು ಒಂದು ಪಾಠ. ಒಂಬತ್ತಕ್ಕೆ ಐದು ಎಂಬುದು ಇನ್ನೊಂದು. ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವುಂಟು: ಸುಲಭ ಪಾಠಕ್ಕಿಂತ ಕ್ಲಿಷ್ಟ ಪಾಠವೇ ಗ್ರಾಹ್ಯ, ಬರೆಯುವವನ ಕೈ ಸುಲಭದ ಕಡೆಗೆ ಜಾರುತ್ತದೆ. ನಮ್ಮ ಅಜ್ಜಿಯ ಲೆಕ್ಕವೂ ಸುಲಭದ ಕಡೆಗೆ ಜಾರಿತ್ತು. ಬದುಕಬೇಕಾದವರು ಹಾಗೆ ಜಾರಲೇಬೇಕೋ ಏನೋ.

ಸ್ಮರಣ ಸಂಚಿಕೆಯ ‘ಹತ್ತಕ್ಕೆ ಐದು’ ನಮ್ಮ ಮನೆಯ ಮಟ್ಟಿಗೆ ಹೆಚ್ಚುಕಡಿಮೆ ನಿಜವೇ ಆಯಿತು. ಹಾಗೆಂದು ಅದನ್ನು ನಾಡಿನ ಲೆಕ್ಕವೆಂದು ಒಪ್ಪಲಾರೆ. ಒಂದು ಮನೆಯ ಗೋಳು ಒಂದು ಸೀಮೆಯ ಪ್ರಮಾಣವಾಗುವುದಿಲ್ಲ. ಇಂಥ ಲೇಖನ ಬರೆಯುವವರಲ್ಲಿ ನನ್ನ ಬೇಡಿಕೆ ಸಣ್ಣದು. ಅಂಕಿಯ ಜತೆಗೆ ವರ್ಷವನ್ನೂ ಎಲ್ಲೆಯನ್ನೂ ಮೂಲವನ್ನೂ ಬರೆಯಿರಿ. ಹತ್ತನ್ನು ಸಾವಿರದೊಡನೆ ಬೆರೆಸಬೇಡಿ. ಆ 19ರಲ್ಲಿಯೂ ಒಂದೊಂದೂ ಒಂದು ತೊಟ್ಟಿಲು. ಲೆಕ್ಕ ಸರಿಯಿದ್ದರೆ ತಾನೆ, ಮುಂದಿನ ತೊಟ್ಟಿಲು ಯಾವ ಊರಿನಲ್ಲಿ ಬರಿದಾಗದಂತೆ ನೋಡಿಕೊಳ್ಳಬೇಕೆಂದು ತಿಳಿಯುವುದು?