ಮೊದಲ ಡಿಎಸ್‌ಎಲ್‌ಆರ್: ನೀವು ರಾತ್ರಿಯವರೋ, ಹಗಲಿನವರೋ?

ಕಾಸರಗೋಡಿನಲ್ಲಿ ಮೊದಲ ಕ್ಯಾಮೆರಾ ಕೊಳ್ಳಹೊರಟವರು ಎಲ್ಲರಲ್ಲೂ ಕೇಳುವುದು ಒಂದೇ: ಕ್ಯಾನನ್ ಒಳ್ಳೆಯದೋ, ನಿಕಾನ್ ಒಳ್ಳೆಯದೋ? ಎರಡೂ ಒಳ್ಳೆಯದೇ, ಆ ಚರ್ಚೆಗೆ ಕೊನೆಯಿಲ್ಲ, ಅದರಿಂದ ಲಾಭವೂ ಇಲ್ಲ. ಅದಕ್ಕೂ ಮೊದಲು ನಿಮ್ಮನ್ನೇ ನೀವು ಕೇಳಿಕೊಳ್ಳಬೇಕಾದ್ದು ಬೇರೆ ಇದೆ. ನೀವು ರಾತ್ರಿಯವರೋ, ಹಗಲಿನವರೋ?

ಈ ಜಿಲ್ಲೆಯಲ್ಲಿ ಕಣ್ತುಂಬ ನೋಡಬೇಕಾದ ಎಷ್ಟೋ ಸಂಗತಿಗಳು ಶುರುವಾಗುವುದೇ ಕತ್ತಲಾದ ಮೇಲೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಯಕ್ಷಗಾನ, ಮಂಜೇಶ್ವರದ ಕಡೆಯ ಭೂತಕೋಲ, ಚಂದ್ರಗಿರಿ ಹೊಳೆ ದಾಟಿ ನೀಲೇಶ್ವರದತ್ತ ಹೋದರೆ ತೆಯ್ಯಂ. ಹಗಲಿನವರಿಗೆ ಬೇಕಲ ಕೋಟೆಯಿದೆ, ಪೊಸಡಿಗುಂಪೆಯಿದೆ, ರಾಣಿಪುರದ ಹುಲ್ಲುಗುಡ್ಡವಿದೆ, ವಲಿಯಪರಂಬದ ಹಿನ್ನೀರಿದೆ. ಇವೆರಡಕ್ಕೂ ಬೇಕಾದ ಸಾಮಾನು ಬೇರೆ ಬೇರೆ. ಒಂದೇ ಕ್ಯಾಮೆರಾದಿಂದ ಎಲ್ಲವನ್ನೂ ತೆಗೆಯುತ್ತೇನೆ ಎಂದು ಹೊರಟವರ ಚೀಲ ಭಾರವಾಗುತ್ತದೆ, ಚಿತ್ರ ಹಗುರವಾಗುತ್ತದೆ.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಕ್ಯಾನನ್ ಆಗಲಿ ನಿಕಾನ್ ಆಗಲಿ 2020ರ ಬಳಿಕ ಹೊಸ ಡಿಎಸ್‌ಎಲ್‌ಆರ್ ಹೊರತಂದಿಲ್ಲ. ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕಡೆಗೆ. ಹವ್ಯಾಸಿಗೆ ಅದೇ ಅನುಕೂಲ. ಮದುವೆ ಫೋಟೊ ತೆಗೆಯುವವರು ಮಿರರ್‌ಲೆಸ್‌ಗೆ ಬದಲಾಯಿಸಿಕೊಂಡಂತೆ ಅವರ ಹಳೆಯ ಬಾಡಿ, ಲೆನ್ಸುಗಳು ಕೈಗೆಟಕುವ ಬೆಲೆಗೆ ಬರುತ್ತವೆ. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ ಮೌಂಟ್ 1987ರದು. ಇಷ್ಟು ವರ್ಷಗಳಲ್ಲಿ ತಯಾರಾದ ಲೆನ್ಸುಗಳ ರಾಶಿ ಎಲ್ಲಿಗೂ ಹೋಗಿಲ್ಲ.

ಬೆಲೆ ಬಿಟ್ಟರೂ ಈ ಯಂತ್ರದಲ್ಲಿ ಸವಿಯಬೇಕಾದದ್ದು ಇನ್ನೊಂದಿದೆ: ಅದರ ಕಿಂಡಿ. ಲೆನ್ಸಿನಿಂದ ಒಳಬಂದ ಬೆಳಕು ಕನ್ನಡಿಗೆ ತಾಗಿ ಮೇಲೇರಿ ನೇರ ನಿಮ್ಮ ಕಣ್ಣಿಗೇ ಬರುತ್ತದೆ. ನಡುವೆ ಪರದೆಯಿಲ್ಲ, ತಡವಿಲ್ಲ. ಗುಂಡಿ ಒತ್ತಿದಾಗ ಕನ್ನಡಿ ಟಪ್ಪೆಂದು ಏಳುವ ಒಂದು ಕ್ಷಣ ಮಾತ್ರ ಕಿಂಡಿ ಕಪ್ಪಾಗುತ್ತದೆ. ಅಂದರೆ ನೀವು ಹಿಡಿದ ಗಳಿಗೆಯನ್ನು ನೀವು ಕಂಡಿರುವುದಿಲ್ಲ. ಕೊಳ್ಳುವ ಮೊದಲು ಎರಡು ಬಗೆಯ ಕಿಂಡಿಗಳನ್ನೂ ನೋಡಿ. ಕ್ಯಾನನ್ 1500ಡಿ, ನಿಕಾನ್ ಡಿ3500ರಂಥ ಆರಂಭಿಕ ಮಾದರಿಗಳಲ್ಲಿ ಇರುವುದು ಕನ್ನಡಿ ತುಂಡುಗಳನ್ನು ಜೋಡಿಸಿದ ಪೆಂಟಾಮಿರರ್, ಚೌಕಟ್ಟಿನ ಶೇ. 95ರಷ್ಟು ಮಾತ್ರ ಕಾಣುತ್ತದೆ, ಸ್ವಲ್ಪ ಮಬ್ಬೂ ಹೌದು. ನಿಕಾನ್ ಡಿ7200, ಕ್ಯಾನನ್ 80ಡಿಗಳಲ್ಲಿ ಗಾಜಿನ ಪೆಂಟಾಪ್ರಿಸಂ ಇದೆ, ಪೂರ್ತಿ ಶೇ. 100 ಕಾಣುತ್ತದೆ. ಕತ್ತಲಲ್ಲಿ ವೇಷದ ಕಣ್ಣನ್ನು ಹುಡುಕಬೇಕಾದವರಿಗೆ ಈ ವ್ಯತ್ಯಾಸ ಮೆಗಾಪಿಕ್ಸೆಲ್‌ಗಿಂತ ಎಷ್ಟೋ ದೊಡ್ಡದು. ಮೆಗಾಪಿಕ್ಸೆಲ್ ಈ ನಾಲ್ಕರಲ್ಲೂ 24ರ ಆಸುಪಾಸಿನಲ್ಲೇ ಇದೆ, ಅದನ್ನು ಮರೆತುಬಿಡಿ.

ಈಗ ರಾತ್ರಿಯವರ ಮಾತು. ಕ್ಯಾಮೆರಾದ ಜೊತೆಗೆ ಸಿಗುವ 18–55 ಲೆನ್ಸನ್ನು 55ಕ್ಕೆ ಎಳೆದರೆ ಅದರ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಂಗೈಯಲ್ಲಿ ಅಡಗುವ, ಜೂಮೇ ಇಲ್ಲದ 50 ಎಂಎಂ ಲೆನ್ಸು ಎಫ್ 1.8ರವರೆಗೆ ತೆರೆಯುತ್ತದೆ. ಲೆಕ್ಕ ಹಾಕಿ: ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ರಂಗಸ್ಥಳದ ಬೆಳಕಿನಲ್ಲಿ ಐಎಸ್‌ಒ 3200 ಇಟ್ಟಾಗ ಕಿಟ್ ಲೆನ್ಸು 1/30 ಸೆಕೆಂಡ್ ಕೇಳಿದರೆ, ಇದು 1/300ಕ್ಕೆ ತೃಪ್ತಿಪಡುತ್ತದೆ. 1/30ರಲ್ಲಿ ದಿಗಿಣ ಹಾರುವ ಪುಂಡುವೇಷ ಬರೀ ಬಣ್ಣದ ಗೆರೆ. 1/300ರಲ್ಲಿ ಅದು ಮನುಷ್ಯ. ಹಾಗಾಗಿ ಯಕ್ಷಗಾನದ ಹುಚ್ಚಿರುವವರಿಗೆ ನನ್ನ ತೀರ್ಪು ಸರಳ: ಹೊಸ ಬಾಡಿಗೆ ಸುರಿಯುವ ದುಡ್ಡಿನಲ್ಲಿ ಹಳೆಯದೊಂದು ಗಟ್ಟಿ ಬಾಡಿ ಮತ್ತು 50 ಎಂಎಂ ಎಫ್ 1.8 ತೆಗೆದುಕೊಳ್ಳಿ.

ಎಷ್ಟು ದೂರದಲ್ಲಿ ಕೂರಬೇಕು ಎಂಬುದಕ್ಕೂ ಲೆಕ್ಕವಿದೆ. ಈ ಬಾಡಿಗಳಲ್ಲಿ 50 ಎಂಎಂ ಲೆನ್ಸನ್ನು ನಿಲುವಾಗಿ ಹಿಡಿದರೆ 6 ಮೀಟರ್ ದೂರದಲ್ಲಿ ಸುಮಾರು ಎರಡೂಮುಕ್ಕಾಲು ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ. ಬಣ್ಣದ ವೇಷದ ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಸರಿಯಾಗಿ ಸಾಲುತ್ತದೆ. ಇಬ್ಬರು ವೇಷಧಾರಿಗಳ ಸಂವಾದ ಬೇಕಿದ್ದರೆ 35 ಎಂಎಂ. ಕಿರೀಟ ಕತ್ತರಿಸಿದ, ಪಾದ ಬಿಟ್ಟ ಚಿತ್ರವನ್ನು ಆಟ ಬಲ್ಲವರು ಮೆಚ್ಚುವುದಿಲ್ಲ. ಹೆಜ್ಜೆ ಕಾಣದಿದ್ದರೆ ಕುಣಿತ ಎಲ್ಲಿ?

ಬೆಳಕಿನದೇ ಇನ್ನೊಂದು ಕಿರಿಕಿರಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, 1/500ರಲ್ಲಿ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ: ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಹಳದಿ, ಮತ್ತೊಂದರಲ್ಲಿ ಅರ್ಧ ಮುಖ ಕಪ್ಪು. 80ಡಿ, ಡಿ7500ರಂಥವು ಈ ಮಿನುಗನ್ನು ಅಳೆದು ಬೆಳಕು ಏರಿದ ಗಳಿಗೆಗೆ ಕಾದು ಕ್ಲಿಕ್ಕಿಸಬಲ್ಲವು. ಆ ಸೌಕರ್ಯವಿಲ್ಲದ ಬಾಡಿಯಾದರೆ 1/100ಕ್ಕೆ ಇಳಿದು, ಕುಣಿತ ನಿಲ್ಲುವ ಗಳಿಗೆಯನ್ನು ಹಿಡಿಯಬೇಕು. ಇಲ್ಲಿಯೇ ರಸಿಕನಿಗೆ ಫೋಟೊಗ್ರಾಫರನಿಗಿಂತ ಹೆಚ್ಚಿನ ಬಲ. ಚೆಂಡೆಯ ಮುಕ್ತಾಯ ಎಲ್ಲಿ ಬೀಳುತ್ತದೆ, ವೇಷ ಎಲ್ಲಿ ಒಂದು ಭಂಗಿಯಲ್ಲಿ ನಿಲ್ಲುತ್ತದೆ ಎಂಬುದು ಆಟ ನೋಡುತ್ತ ಬೆಳೆದವರಿಗೆ ಕಿವಿಯಿಂದಲೇ ಗೊತ್ತು. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ದುಬಾರಿ ಕ್ಯಾಮೆರಾ ಹಿಡಿದು ತಾಳ ತಿಳಿಯದೆ ಗುಂಡಿ ಒತ್ತುವವರ ಪಕ್ಕದಲ್ಲಿ ಇಂಥವರು ಒಂದೇ ಕ್ಲಿಕ್ಕಿನಲ್ಲಿ ಗೆಲ್ಲುತ್ತಾರೆ.

ತೆಯ್ಯಂ, ಭೂತಕೋಲಗಳ ಮಾತು ಬೇರೆ. ದೊಂದಿ, ಸೂಟೆಗಳ ಬೆಂಕಿ ಬೆಳಕಿಗೆ ಮಿನುಗಿನ ತಾಪತ್ರಯವಿಲ್ಲ, ಆದರೆ ಕ್ಯಾಮೆರಾವನ್ನು ‘ಆಟೊ’ದಲ್ಲಿ ಬಿಟ್ಟರೆ ಅದು ಆ ಕೆಂಪನ್ನೆಲ್ಲ ತೊಳೆದು ಬಿಳಿಚಿಸಲು ನೋಡುತ್ತದೆ. ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ಇಡಿ, ರಾ ಫೈಲಿನಲ್ಲಿ ತೆಗೆಯಿರಿ. ಅದೆಲ್ಲಕ್ಕಿಂತ ಮೊದಲು ಅಲ್ಲಿಯವರ ಅನುಮತಿ ಕೇಳಿ. ಅದು ಪ್ರದರ್ಶನವಲ್ಲ, ಆರಾಧನೆ. ದೈವ ನುಡಿ ಕೊಡುತ್ತಿರುವಾಗ ಭಕ್ತರಿಗೂ ದೈವಕ್ಕೂ ನಡುವೆ ನಿಮ್ಮ ಲೆನ್ಸು ತೂರಬಾರದು.

ಹಗಲಿನವರು ಅದೃಷ್ಟವಂತರು, ಖರ್ಚು ಕಡಿಮೆ. ಕೆಳದಿಯ ಶಿವಪ್ಪನಾಯಕನ ಕಾಲದ ಬೇಕಲ ಕೋಟೆಗೆ ಕಿಟ್ ಲೆನ್ಸೇ ಧಾರಾಳ. 18ಕ್ಕೆ ಹಾಕಿ ಎಫ್ 8 ಇಟ್ಟರೆ ಬುರುಜಿನಿಂದ ಕಡಲಂಚಿನವರೆಗೆ ಎಲ್ಲವೂ ನಿಚ್ಚಳ. ಮೀಟರು ಮಾತ್ರ ಮೋಸ ಮಾಡುತ್ತದೆ. ಮಳೆಗೆ ಕಪ್ಪಾದ ಮುರಕಲ್ಲು ಚೌಕಟ್ಟನ್ನು ತುಂಬಿದರೆ ಅದನ್ನು ಬೆಳ್ಳಗೆ ಮಾಡುತ್ತದೆ, ಹೊಳೆಯುವ ಕಡಲು ತುಂಬಿದರೆ ಚಿತ್ರವನ್ನೇ ಕಪ್ಪಾಗಿಸುತ್ತದೆ. ಪ್ಲಸ್–ಮೈನಸ್ ಗುರುತಿನ ಗುಂಡಿ ಇರುವುದು ಇದಕ್ಕೇ. ಕೋಟೆ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿದೆ, ಟ್ರೈಪಾಡ್ ಹೊತ್ತುಕೊಂಡು ಹೋಗುವವರು ಮೊದಲೇ ವಿಚಾರಿಸಿ. ಹಕ್ಕಿಯ ಆಸೆಯಿದ್ದವರಿಗೆ 70–300 ಬೇಕು. 2023ರಲ್ಲಿ ಕಾಸರಗೋಡು ತನ್ನ ಜಿಲ್ಲಾ ಪಕ್ಷಿಯೆಂದು ಬಿಳಿಹೊಟ್ಟೆಯ ಕಡಲ ಹದ್ದನ್ನು ಘೋಷಿಸಿದೆ. ಅದು ಕಿಟ್ ಲೆನ್ಸಿನಲ್ಲಿ ಬರೀ ಚುಕ್ಕೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ಪೂರ್ಣಚಂದ್ರ ತೇಜಸ್ವಿಯವರ ಚಿತ್ರಗಳನ್ನು ಮೊದಲು ನೋಡಿ. ಹಕ್ಕಿಯ ಚಿತ್ರಕ್ಕೆ ಲೆನ್ಸಿನಷ್ಟೇ ತಾಳ್ಮೆಯೂ ಬೇಕೆಂಬುದು ಮನವರಿಕೆಯಾಗುತ್ತದೆ.

ಹೊಂದಾಣಿಕೆಯ ಎರಡು ಬಲೆಗಳನ್ನು ಹೇಳಲೇಬೇಕು, ಏಕೆಂದರೆ ಮಾರುವವರು ಹೇಳುವುದಿಲ್ಲ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರಿಲ್ಲ. ಅಗ್ಗಕ್ಕೆ ಸಿಗುವ ಹಳೆಯ 50 ಎಂಎಂ 1.8 ‘ಡಿ’ ಲೆನ್ಸನ್ನು ಇವಕ್ಕೆ ಹಾಕಿದರೆ ಕೈಯಿಂದಲೇ ತಿರುಗಿಸಬೇಕು. ಇವಕ್ಕೆ ಬೇಕಾದ್ದು ‘ಜಿ’. ಇನ್ನೊಂದು, ನಿಕಾನ್‌ನ ಹೊಸ ಎಎಫ್–ಪಿ ಲೆನ್ಸುಗಳು ಡಿ90ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ಸೇ ಆಗುವುದಿಲ್ಲ. ಕ್ಯಾನನ್‌ನಲ್ಲಿ ಈ ರಗಳೆ ಕಡಿಮೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಈ ಊರಿನಲ್ಲಿ ಮೊದಲ ವೈರಿ ಬೂಸ್ಟು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆ ಇದು. ಅಂಗಳದಲ್ಲಿ ಸರಿಯಾಗಿ ಒಣಗದ ಅಡಿಕೆಗೆ ಬರುವಂತೆ ಲೆನ್ಸಿನ ಒಳಗಾಜಿಗೂ ಬೂಸ್ಟು ಬರುತ್ತದೆ, ಅದರ ಬಲೆ ಹರಡುತ್ತ ಹೋಗುತ್ತದೆ. ಲೆನ್ಸನ್ನು ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ ಕೈಬಿಡಿ. ಶಟರ್ ಎಷ್ಟು ಸಲ ಬಿದ್ದಿದೆ ಎಂಬುದು ನಿಕಾನ್‌ನಲ್ಲಿ ಫೋಟೊ ಫೈಲಿನೊಳಗೇ ದಾಖಲಾಗಿರುತ್ತದೆ; ಕ್ಯಾನನ್‌ನ ಹೆಚ್ಚಿನ ಮಾದರಿಗಳಿಗೆ ಬೇರೆ ಸಾಫ್ಟ್‌ವೇರ್ ಬೇಕು. ಡಿ7200ರ ಶಟರನ್ನು ಒಂದೂವರೆ ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಲಾಗಿದೆ. ಮದುವೆಗಳಲ್ಲಿ ದುಡಿದ ಬಾಡಿ ಅದರ ಹತ್ತಿರ ಬಂದಿದ್ದರೂ ಅಚ್ಚರಿಯಿಲ್ಲ. ದುಬೈಯಿಂದ ಬರುವ ಮಾವನ ಕೈಯಲ್ಲಿ ತರಿಸುವವರು ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು ಶೇ. 40ರಿಂದ 50ರ ನಡುವೆ ಇರಲಿ. ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಪೂಜಿಸಬೇಡಿ. ಬಳಸುತ್ತಲೇ ಇರುವ ಲೆನ್ಸಿಗೆ ಬೂಸ್ಟು ಬರುವುದು ಅಪರೂಪ.

ಯಾವಾಗ ಕೊಳ್ಳಬೇಕು? ಆಟಿ ತಿಂಗಳಲ್ಲಿ ಎಂದು ನನ್ನ ಸಲಹೆ. ಪತ್ತನಾಜೆಗೆ ಮೇಳಗಳ ತಿರುಗಾಟ ನಿಂತಿರುತ್ತದೆ, ಹೊರಗೆ ಮಳೆ, ಮನೆಯೊಳಗೆ ಹಗಲಲ್ಲೂ ಮಬ್ಬು. ಎಫ್ 1.8 ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಸಿಗದು. ಚಾವಡಿಯಲ್ಲಿ ಕುಳಿತ ಅಜ್ಜಿಯ ಮೇಲೆ, ಓಡಾಡುವ ಮಕ್ಕಳ ಮೇಲೆ ಪ್ರಯೋಗ ಮಾಡಿ. ಐಎಸ್‌ಒ, ಶಟರ್ ಗುಂಡಿಗಳು ನೋಡದೆಯೇ ಬೆರಳಿಗೆ ಸಿಗುವಂತಾಗಲಿ. ತುಲಾಮಾಸದ 10ನೇ ದಿನ, ಪತ್ತಾಮುದಯಕ್ಕೆ, ತೆಯ್ಯಂ ಕಾಲ ತೆರೆದುಕೊಳ್ಳುತ್ತದೆ. ಅದರ ಬೆನ್ನಿಗೇ ಯಕ್ಷಗಾನ ಮೇಳಗಳೂ ಹೊರಡುತ್ತವೆ. ಆಗ ಬಾಡಿ ಯಾವುದೇ ಇರಲಿ, ಲೆನ್ಸು ಯಾವುದೇ ಇರಲಿ, ಒಂದು ವಿನಂತಿ: ಫ್ಲ್ಯಾಶ್ ಮನೆಯಲ್ಲೇ ಬಿಟ್ಟು ಬನ್ನಿ.