ಅಂಕಿ ಹಾಕಿ ಬಿಚ್ಚಿ ತಂದ ಮನೆ

ವಾಸ್ತುಶಿಲ್ಪಿ ಲುಟ್ಯನ್ಸ್ ಎಂದ ಕೂಡಲೇ ನಮಗೆ ನೆನಪಾಗುವುದು ದೆಹಲಿಯ ರಾಷ್ಟ್ರಪತಿ ಭವನ. ನನಗೆ ಅದಕ್ಕಿಂತ ಇಷ್ಟ, ಅದಕ್ಕೂ ಮೊದಲು ಅವರು ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ನಾರ್ಥಿಯಂ ಹಳ್ಳಿಯಲ್ಲಿ ಹೊಸ ರೂಪ ಕೊಟ್ಟ ಗ್ರೇಟ್ ಡಿಕ್ಸ್‌ಟರ್ ಎಂಬ ಹಳೆಯ ಮನೆ.

1910ರಲ್ಲಿ ನಥಾನಿಯೆಲ್ ಲಾಯ್ಡ್ ಕೊಂಡಾಗ 15ನೇ ಶತಮಾನದ ಈ ಮರದ ಮನೆ ಸೊರಗಿತ್ತು. ಎತ್ತರದ ನಡುಮನೆಗೆ ಯಾರೋ ಅಟ್ಟ ಹಾಕಿ, ಕೋಣೆಗಳಾಗಿ ಒಡೆದಿದ್ದರು. ಲಾಯ್ಡ್ ಕೆಲಸ ಒಪ್ಪಿಸಿದ ಲುಟ್ಯನ್ಸ್ ಅವನ್ನೆಲ್ಲ ಕೀಳಿಸಿದರು. ಸೂರಿನವರೆಗಿನ ಓಕ್ ತೊಲೆಗಳು ಮತ್ತೆ ಕಂಡವು.

ಜಾಗ ಸಾಲದಾಯಿತು. ಕೆಂಟ್ ಸೀಮೆಯ ಬೆನೆಂಡನ್‌ನಲ್ಲಿ ರೈತನ ಹಳೇ ಮನೆಯೊಂದು ಪಾಳು ಬಿದ್ದಿತ್ತು. ಅದನ್ನು 75 ಪೌಂಡಿಗೆ ಕೊಂಡು, ಒಂದೊಂದು ಮರಕ್ಕೂ ಅಂಕಿ ಹಾಕಿ, ಬಿಚ್ಚಿ, ಸಾಗಿಸಿ, ಡಿಕ್ಸ್‌ಟರ್ ಪಕ್ಕದಲ್ಲಿ ಮತ್ತೆ ಜೋಡಿಸಿದರು. ಇಂಥ ಮನೆಗಳಲ್ಲಿ ಮರ ಮರವನ್ನು ಹಿಡಿಯುವುದು ಕಚ್ಚು, ಗೂಟಗಳಿಂದ. ಗೂಟ ಹೊಡೆದು ತೆಗೆದರೆ ಚೌಕಟ್ಟು ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ಇಟ್ಟಿಗೆ-ಗಾರೆಯ ಮನೆಗೆ ಈ ಭಾಗ್ಯವೆಲ್ಲಿ?

ತಾವು ಸೇರಿಸಿದ ಭಾಗಕ್ಕೆ ಲುಟ್ಯನ್ಸ್ ಹಳೆಯ ವೇಷ ಹಾಕಲಿಲ್ಲ. ಗೋಡೆಗೆ ಹೆಂಚು ಹೊದಿಸಿ, ಎತ್ತರದ ಇಟ್ಟಿಗೆ ಹೊಗೆಗೂಡು ಎಬ್ಬಿಸಿ ಸುಮ್ಮನಾದರು. ಹೊಸದು ಹೊಸದೆಂದೇ ಗೊತ್ತಾಗಲಿ ಎಂಬ ಈ ನಿಯತ್ತು ನನಗೆ ದೊಡ್ಡದಾಗಿ ಕಾಣುತ್ತದೆ. ತುಂಟತನವನ್ನೂ ಬಿಡಲಿಲ್ಲವೆನ್ನಿ: ಮಕ್ಕಳ ಕೋಣೆಯಲ್ಲಿ ನೆಲಕ್ಕಂಟಿದಂತೆ ಒಂದು ಕಿಟಕಿ, ಅಂಬೆಗಾಲಿಡುವ ಕೂಸಿಗೂ ಹೊರಗಿನ ತೋಟ ಕಾಣಲೆಂದು. ಆ ಮನೆಯಲ್ಲೇ 1921ರಲ್ಲಿ ಹುಟ್ಟಿದ ನಥಾನಿಯೆಲ್‌ರ ಮಗ ಕ್ರಿಸ್ಟೋಫರ್ ಲಾಯ್ಡ್ ಮುಂದೆ ಇಂಗ್ಲೆಂಡಿನ ಹೆಸರಾಂತ ತೋಟಗಾರ, ತೋಟದ ಬರಹಗಾರರಾದರು. ಅದರ ಹೆಚ್ಚಿನ ಶ್ರೇಯ ಕಿಟಕಿಗಿಂತ ತಾಯಿ ಡೇಜಿಯವರ ತೋಟದ ಹುಚ್ಚಿಗೇ ಸಲ್ಲಬೇಕು.