ಮಂಗಳೂರಿನಲ್ಲಿ ಸಮುದ್ರ ಎಲ್ಲುಂಟು ಮಾರಾಯ್ರೇ?

ಮಂಗಳೂರಿಗೆ ಮೊದಲ ಸಲ ಬಂದವರು ಹಂಪನಕಟ್ಟೆಯಲ್ಲಿ ಚೀಲ ಕೆಳಗಿಟ್ಟು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬೀಚಿಗೆ ಹೀಗೇ ನಡ್ಕೊಂಡು ಹೋಗ್ಬಹುದಾ?" ರಿಕ್ಷಾದವರು ಇದಕ್ಕೆ ನೇರ ಉತ್ತರ ಕೊಡುವುದು ಕಡಿಮೆ. "ನಡ್ಕೊಂಡು ಹೇಗೆ ಹೋಗ್ತೀರಿ, ಮಧ್ಯದಲ್ಲಿ ಹೊಳೆ ಉಂಟಲ್ಲ ಮಾರಾಯ್ರೇ. ನಿಮಗೆ ಯಾವುದು ಬೇಕು, ಪಣಂಬೂರಾ, ತಣ್ಣೀರುಬಾವಿಯಾ, ಉಳ್ಳಾಲವಾ?" ಕೇಳಿದವರ ಮುಖ ಸಪ್ಪಗಾಗುತ್ತದೆ. ಕಡಲತೀರದ ಊರು ಎಂದು ಭೂಗೋಳದ ಪುಸ್ತಕದಲ್ಲಿ ಓದಿ ಬಂದವರಿಗೆ ಕಡಲೇ ಕಾಣದಿದ್ದರೆ ಹೇಗೆ?

ಆದರೆ ಪ್ರಶ್ನೆಯೇನೂ ಪೆದ್ದಲ್ಲ. ಮಂಗಳೂರನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಗುರುಪುರ ಹೊಳೆ, ಅಂದರೆ ಫಲ್ಗುಣಿ, ಸಮುದ್ರದ ಹತ್ತಿರ ಬಂದರೂ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ ದಡದ ಪಕ್ಕದಲ್ಲೇ ಸಾಗುತ್ತದೆ. ಕೊನೆಗೆ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಕಡಲಿಗೆ ಬೀಳುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ಬೆಂಗ್ರೆ. ಬಂದರು, ದಕ್ಕೆ, ಹಳೆಯ ಗೋದಾಮುಗಳು, ಮಸೀದಿ ಎಲ್ಲವೂ ಇರುವುದು ಹೊಳೆಯ ಈಚೆ ದಡದಲ್ಲಿ. ಮೀನಿನ ದೋಣಿಗಳು ದಕ್ಕೆಯಿಂದ ಹೊರಟು ಅಳಿವೆ ದಾಟಿದ ಮೇಲೆಯೇ ಅವಕ್ಕೆ ಸಮುದ್ರ.

ಬಿರುಗಾಳಿಗೆ ಸಿಗದ, ಶತ್ರುವಿನ ಕಣ್ಣಿಗೂ ಸುಲಭಕ್ಕೆ ಬೀಳದ ಈ ಒಳಬಂದರು ಹಳೆಯ ಕಾಲದ ಹಾಯಿಹಡಗಿಗೆ ಹೇಳಿ ಮಾಡಿಸಿದಂತಿತ್ತು. ಉಗಿಹಡಗುಗಳು ಬಂದ ಮೇಲೆ ಅದೇ ತೊಡಕಾಯಿತು. ಅಳಿವೆಯಲ್ಲಿ ಹೂಳು ತುಂಬುತ್ತಿತ್ತು, ದೊಡ್ಡ ಹಡಗು ಹೊರಗೇ ಲಂಗರು ಹಾಕಿ ನಿಲ್ಲಬೇಕಿತ್ತು, ಸರಕನ್ನು ಚಿಕ್ಕ ದೋಣಿಗಳಲ್ಲಿ ಹೇರಿ ತರಬೇಕಿತ್ತು. ಕಡೆಗೆ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹೊಸ ಬಂದರು ಮಾಡಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಳೆ ಬಂದರಿನಿಂದ ಈಗಲೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಮಂಜಿ ಎಂಬ ಸರಕುದೋಣಿಗಳು ಹೊರಡುತ್ತವೆ. ಪಣಂಬೂರಿನ ಜಾತ್ರೆಯಂಥ ಬೀಚಿಗೆ ಓಡುವವರು ಒಂದು ಬೆಳಿಗ್ಗೆಯನ್ನು ಇಲ್ಲಿ ಕಳೆದರೆ ನಷ್ಟವೇನಿಲ್ಲ, ಮೀನಿನ ವಾಸನೆ ತಡೆದುಕೊಳ್ಳುವಂತಿದ್ದರೆ.

ಹಾಗಾದರೆ ಸಮುದ್ರಕ್ಕೆ ಒಳ್ಳೆಯ ದಾರಿ ಯಾವುದು? ಈ ಅಂಕಣದ ಮಟ್ಟಿಗೆ, ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಇಳಿಯುವುದು. ಹೊಳೆ ದಾಟಲು ಕೆಲವೇ ನಿಮಿಷ. ಆ ದಡದಲ್ಲಿ ಗಾಳಿಮರಗಳು, ಅರಣ್ಯ ಇಲಾಖೆಯ ಟ್ರೀ ಪಾರ್ಕ್, ಅದರಾಚೆ ಮರಳು. ದೋಣಿ ಕಾಯುವಾಗ ಬತ್ತೇರಿಯನ್ನು ನೋಡಿದವರು ಕೇಳುವುದು, "ಕೋಟೆ ಇಷ್ಟೇನಾ?" ಹೌದು, ಇಷ್ಟೇ. ಅದು ಕೋಟೆಯಲ್ಲ, ಕಾವಲುಗೋಪುರ. ಎರಡನೇ ಮೈಸೂರು ಯುದ್ಧ ಮುಗಿದು ಟಿಪ್ಪುವೂ ಕಂಪನಿಯೂ ಇದೇ ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡದ್ದು 1784ರ ಮಾರ್ಚಿನಲ್ಲಿ. ಬತ್ತೇರಿಯನ್ನು ಕಟ್ಟಿಸಿದ್ದು ಕೂಡ ಅದೇ ವರ್ಷವೆಂದು ಲೆಕ್ಕ. ಶಾಂತಿಗೆ ಸಹಿ ಹಾಕಿದವನೇ ಹೊಳೆಯೊಳಗೆ ಯುದ್ಧನೌಕೆ ನುಗ್ಗದಂತೆ ಫಿರಂಗಿಗಳಿಗೆ ಕಿಂಡಿ ಬಿಡಿಸಿದ. ಮೆಟ್ಟಿಲು ಹತ್ತಿ ಆ ಕಿಂಡಿಗಳ ಬಳಿ ನಿಂತರೆ ಪೂರ್ತಿ ಹೊಳೆ ಕಣ್ಣಿನ ಅಳತೆಗೆ ಸಿಗುತ್ತದೆ. ಕೆಳಗೆ ಮದ್ದುಗುಂಡಿಡುವ ನೆಲಮನೆ ಇದೆ. ಕಾಲು ಗಂಟೆ ಸಾಕು. ಮಳೆಗಾಲದ ಅಬ್ಬರದಲ್ಲಿ ಮಾತ್ರ ಈ ದೋಣಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಎರಡನೆಯ ಗೊಂದಲ ದೀಪಸ್ತಂಭದ್ದು. ದೀಪಸ್ತಂಭ ಅಂದರೆ ಅಲೆ ಬಡಿಯುವ ಬಂಡೆಯ ಮೇಲಿರಬೇಕೆಂದು ಬಂದವರ ಎಣಿಕೆ. ಮಂಗಳೂರಿನ ಹಳೆಯ ದೀಪಸ್ತಂಭ ಊರ ನಡುವಿನ ಗುಡ್ಡದ ಮೇಲಿದೆ, ಟಾಗೋರ್ ಪಾರ್ಕಿನ ಮಗ್ಗುಲಲ್ಲಿ. ಸಮುದ್ರಕ್ಕೆ ದೂರವಾದರೂ ಎತ್ತರ ಸಿಕ್ಕಿತಲ್ಲ ಎಂಬ ಲೆಕ್ಕಾಚಾರ ಕಟ್ಟಿದವರದ್ದು. ಹೈದರಾಲಿಯ ಕಾಲದ್ದೆಂದು ಊರಲ್ಲಿ ಹೇಳುವುದುಂಟು. ಸಂಜೆ ಅಲ್ಲಿನ ಬೆಂಚುಗಳಲ್ಲಿ ಕೂತರೆ ತೆಂಗಿನ ತೋಟಗಳು, ಹಂಚಿನ ಮಾಡುಗಳು, ಅವುಗಳ ಮಧ್ಯೆ ಎದ್ದ ಹತ್ತಿಪ್ಪತ್ತು ಮಾಳಿಗೆಯ ಫ್ಲ್ಯಾಟುಗಳು, ಸಂದಿಯಲ್ಲಿ ಒಂದು ಗೆರೆ ಕಡಲು. ಫ್ಲ್ಯಾಟುಗಳು ಎದ್ದ ಹಾಗೆ ಆ ಗೆರೆ ವರ್ಷವರ್ಷವೂ ತುಂಡಾಗುತ್ತಿದೆ. ಬಾವುಟಗುಡ್ಡೆ ಎಂದು ಕರೆಯುವ ಇದೇ ಗುಡ್ಡದಲ್ಲಿ 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ಕಡೆಯಿಂದ ಬಂದ ರೈತರ ದಂಡು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿತು, ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿತು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿ ನಿಂತದ್ದು 2022ರಲ್ಲಿ. ಸೆಲ್ಫಿ ತೆಗೆಯುವವರಲ್ಲಿ ಹೆಚ್ಚಿನವರು ಪ್ರತಿಮೆಯನ್ನು ನೋಡುತ್ತಾರೆ, ಕೆಳಗಿನ ಫಲಕವನ್ನಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಸಂತ ಅಲೋಶಿಯಸ್ ಚಾಪೆಲ್. ಮಂಗಳೂರಿನಲ್ಲಿ ಒಂದೇ ಜಾಗ ನೋಡಲು ಸಮಯ ಉಂಟು ಅನ್ನುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದ ಜಾಗ ಇದು. ಹೊರಗಿನಿಂದ ಸಾಧಾರಣ. ಒಳಗೆ ಹೊಕ್ಕವರು ಮಾತು ನಿಲ್ಲಿಸುತ್ತಾರೆ, ಸೂಚನಾಫಲಕ ಹೇಳಿತೆಂದಲ್ಲ. ಗೋಡೆ, ಕಮಾನು, ಮಾಡು ಎಲ್ಲೂ ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ. ಇಟಲಿಯ ಬೆರ್ಗಾಮೊ ಸೀಮೆಯಿಂದ ಬಂದ ಜೆಸುಯಿಟ್ ಸಹೋದರ ಅಂಟೋನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಬರೆದ ಚಿತ್ರಗಳಿವು. "ಇದು ಭಾರತದ ಸಿಸ್ಟೀನ್ ಚಾಪೆಲ್ ಅಲ್ವಾ?" ಎನ್ನುವ ಪ್ರಶ್ನೆ ಇಲ್ಲಿ ಖಾಯಂ. ಹೋಲಿಕೆಯಿಂದ ಮೊಸ್ಕೆನಿಗೂ ಲಾಭವಿಲ್ಲ, ಮೈಕೆಲೆಂಜೆಲೊಗೂ ಇಲ್ಲ. ರೋಮಿನಲ್ಲಿ ಚಾವಣಿಗೂ ಹಸಿ ಗಾರೆಯ ಮೇಲೆಯೇ ಬಣ್ಣ ಹಚ್ಚಿದ್ದು. ಇಲ್ಲಿ ಹಸಿ ಗಾರೆಯ ಕೆಲಸ ಇರುವುದು ಗೋಡೆಗಳಲ್ಲಿ. ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಮೇಲೆ ಕೂರಿಸಿದವು. ಗಾರೆ ಒಣಗುವ ಮುಂಚೆ ಅಂದಂದಿನ ಭಾಗವನ್ನು ಅಂದೇ ಮುಗಿಸಬೇಕು, ತಪ್ಪಿದರೆ ಕೆರೆದು ತೆಗೆಯಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ತೇವದಲ್ಲಿ ಆ ಕೆಲಸ ಮಾಡಿದ ಮನುಷ್ಯನ ತಾಳ್ಮೆಯನ್ನು ಅವನ ಹೆಸರಿನಲ್ಲೇ ಮೆಚ್ಚಿಕೊಳ್ಳಬಹುದು.

ನೋಡುವಾಗ ಒಂದು ಕ್ರಮ ಇಟ್ಟುಕೊಂಡರೆ ಒಳ್ಳೆಯದು. ಮೊದಲು ಕತ್ತೆತ್ತಿ ಚಾವಣಿಯ ನಡುಸಾಲು. ರಾಜಮನೆತನದ ಹುಡುಗ ಅಲೋಶಿಯಸ್ ಗೊನ್ಝಾಗ ಪಟ್ಟ ಬಿಟ್ಟು ಸಂನ್ಯಾಸಕ್ಕೆ ಹೋದದ್ದು, ರೋಮಿನಲ್ಲಿ ಪ್ಲೇಗು ಹಿಡಿದವರ ಚಾಕರಿ ಮಾಡಿದ್ದು. 1591ರಲ್ಲಿ ಅದೇ ರೋಗದಲ್ಲಿ ಆತ ತೀರಿಕೊಂಡಾಗ ವಯಸ್ಸು ಇಪ್ಪತ್ತಮೂರು. ಚಿತ್ರ ಬರೆಯುವ ಹೊತ್ತಿಗೆ ಭಾರತದ ಪಶ್ಚಿಮ ಕರಾವಳಿಯಲ್ಲೂ ಪ್ಲೇಗಿನ ಭಯ ಹಬ್ಬಿತ್ತು ಎಂಬುದನ್ನು ನೆನೆದರೆ ಆ ದೃಶ್ಯಕ್ಕೆ ಬೇರೆಯೇ ತೂಕ. ಆಮೇಲೆ ಬದಿಗೋಡೆಗಳಿಗೆ ಹತ್ತಿರ ಹೋಗಿ ಚೌಕಟ್ಟುಗಳನ್ನು ನೋಡಬೇಕು. ಉಬ್ಬುಕೆತ್ತನೆ ಅಂದುಕೊಂಡದ್ದು ಬರಿಯ ನೆರಳು-ಬಣ್ಣದ ಕೈಚಳಕವೆಂದು ಆಗ ತಿಳಿಯುತ್ತದೆ. ಮೊಸ್ಕೆನಿ ಆ ಬಳಿಕ ಕೊಚ್ಚಿಗೆ ಹೋಗಿ 1905ರಲ್ಲಿ ಅಲ್ಲಿಯೇ ತೀರಿಕೊಂಡ.

ಇನ್ನು ಪಾರ್ಕಿನ ವಿಷಯ. "ಕದ್ರಿ" ಎಂದು ಕೇಳಿದರೆ ರಿಕ್ಷಾದವರು ಮರಳಿ ಕೇಳುತ್ತಾರೆ, "ಪಾರ್ಕಾ, ದೇವಸ್ಥಾನವಾ?" ಮಕ್ಕಳಿದ್ದವರ ಉತ್ತರ ಗೊತ್ತಿರುವುದೇ. ಗುಡ್ಡದ ಮೇಲಿನ ಕದ್ರಿ ಪಾರ್ಕ್ ಊರಿನ ದೊಡ್ಡ ಉದ್ಯಾನ. ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ನಡೆಯುವುದು ಇಲ್ಲಿಯೇ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ. ಎಂಬತ್ತರ ದಶಕದಲ್ಲಿ ಓಡಲು ಶುರುಮಾಡಿದ ಪುಟಾಣಿ ರೈಲನ್ನು ಈಗಿನ ಅಪ್ಪ-ಅಮ್ಮಂದಿರು ನೆನಪಿನಲ್ಲಿ ಇನ್ನೂ ಹತ್ತಿ ಇಳಿಯುತ್ತಿದ್ದಾರೆ. ಬೆಳಗಿನ ವಾಯುವಿಹಾರಕ್ಕೆ ಚಂದ, ಅದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ದೇವಸ್ಥಾನದ ಮಾತು ಬೇರೆ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದೆದುರು ಇತಿಹಾಸದ ವಿದ್ಯಾರ್ಥಿಗಳು ಗಂಟೆಗಟ್ಟಲೆ ನಿಲ್ಲುತ್ತಾರೆ, ಉಳಿದವರು ಕೈಮುಗಿದು ಮುಂದೆ ಹೋಗುತ್ತಾರೆ. ಕೂತ ಭಂಗಿ, ಮೂರು ಮುಖ, ಆರು ಕೈ. ಪೀಠದಲ್ಲಿ ಸಂಸ್ಕೃತ ಶಾಸನ: ಆಳುಪ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ, ಕಾಲ ಕ್ರಿ.ಶ. 968. ಶಿವನ ಗುಡಿಯಲ್ಲಿ ಬೌದ್ಧ ಬೋಧಿಸತ್ವನ ಲಕ್ಷಣದ ಮೂರ್ತಿ ಹೇಗೆ ಬಂತು ಎಂಬುದರ ಮೇಲೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಶಾಸನ ಶೈವನೊಬ್ಬನದ್ದು, ಸ್ಥಳ ವಿಹಾರ, ಮೇಲಿನ ಗುಡ್ಡದಲ್ಲಿ ನಾಥಪಂಥದ ಜೋಗಿಮಠ. ನಾಸಿಕದ ಕುಂಭಮೇಳ ಮುಗಿದ ಮೇಲೆ ಜೋಗಿಗಳು ತ್ರ್ಯಂಬಕದಿಂದ ತಿಂಗಳುಗಟ್ಟಲೆ ನಡೆದು ಬಂದು ಹನ್ನೆರಡು ವರ್ಷಕ್ಕೊಮ್ಮೆ ಇಲ್ಲಿ ಹೊಸ ಜೋಗಿ ಅರಸನಿಗೆ ಪಟ್ಟ ಕಟ್ಟುತ್ತಾರೆ. ಒಂದೇ ಗುಡ್ಡದಲ್ಲಿ ಇಷ್ಟೆಲ್ಲ ಇರುವಾಗ ಪಾರ್ಕಿನ ಸಂಗೀತ ಕಾರಂಜಿಗೆ ಟಿಕೆಟ್ ಎಷ್ಟು ಎಂದು ವಿಚಾರಿಸುವುದು ಸ್ವಲ್ಪ ಮಟ್ಟಿಗೆ ಅನ್ಯಾಯ.

ಪಿಲಿಕುಳ ನಿಸರ್ಗಧಾಮವನ್ನು "ಅರ್ಧ ಗಂಟೆಯಲ್ಲಿ ಮುಗಿಸಬಹುದಾ" ಎಂದು ಕೇಳುವವರಿಗೆ ಹೋಗಲೇಬೇಡಿ ಅನ್ನುವುದು ಮೇಲು. ವಾಮಂಜೂರಿನಾಚೆ ಮುನ್ನೂರೈವತ್ತು ಎಕರೆಗೂ ಹೆಚ್ಚು ಜಾಗದಲ್ಲಿ ಮೃಗಾಲಯ, ಕೆರೆ, ಗುತ್ತಿನ ಮನೆ, ಕುಶಲಕರ್ಮಿಗಳ ಹಳ್ಳಿ, 2018ರಲ್ಲಿ ತೆರೆದ ತ್ರೀಡಿ ತಾರಾಲಯ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಗೆ ಹೆಸರಾದ ಮೃಗಾಲಯ ಇದು. ರಜೆ ಯಾವ ದಿನ ಎಂದು ಮೊದಲೇ ಕೇಳಿಕೊಂಡು, ಒಂದು ದಿನ ಪೂರ್ತಿ ಇಟ್ಟುಕೊಂಡು ಹೋಗಬೇಕು.

ವಿಶ್ವವಿದ್ಯಾನಿಲಯ ಕೇಳಿಕೊಂಡು ಬರುವವರದ್ದೇ ಒಂದು ಪ್ರತ್ಯೇಕ ವರ್ಗ. ಸೀಟು ಸಿಕ್ಕಿದ ಮಕ್ಕಳ ಜೊತೆ ಬಕೆಟ್ಟು, ಹಾಸಿಗೆ ಸಮೇತ ಮಳೆಯಲ್ಲಿ ಇಳಿಯುವ ಅಪ್ಪ-ಅಮ್ಮಂದಿರು. ಇವರು "ಯೂನಿವರ್ಸಿಟಿಗೆ ಹೋಗಬೇಕು" ಎಂದರೆ ಸಾಲದು. ಹಂಪನಕಟ್ಟೆಯಲ್ಲೇ ವಿಶ್ವವಿದ್ಯಾನಿಲಯ ಕಾಲೇಜು ಇದೆ, 1868ರಲ್ಲಿ ಸರಕಾರಿ ಶಾಲೆಯಾಗಿ ಶುರುವಾದದ್ದು. ಶಿವರಾಮ ಕಾರಂತರು ಗಾಂಧಿಯ ಕರೆಗೆ ಓದು ಬಿಟ್ಟು ಹೊರಬಿದ್ದದ್ದು ಇದೇ ಸರಕಾರಿ ಕಾಲೇಜಿನಿಂದ. ಆದರೆ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಇಲ್ಲಿ ಅಲ್ಲ. ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ, ದೇರಳಕಟ್ಟೆ ಕಳೆದು ಕೊಣಾಜೆಯ ಗುಡ್ಡ ಹತ್ತಬೇಕು. ದೇರಳಕಟ್ಟೆಯಲ್ಲೇ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳೂ ಅವುಗಳ ಆಸ್ಪತ್ರೆಗಳೂ ಇರುವುದರಿಂದ ಅರ್ಧ ಜನ ಅಲ್ಲಿಯೇ ಇಳಿದುಬಿಡುತ್ತಾರೆ. ಎನ್‌ಐಟಿಕೆ ಕೇಳುವವರು ಹೋಗಬೇಕಾದ್ದು ಪೂರಾ ಎದುರು ದಿಕ್ಕಿಗೆ, ಉತ್ತರದ ಸುರತ್ಕಲ್‌ಗೆ. ಸಮುದ್ರದ ಅಂಚಿನಲ್ಲಿ ಕಾಲೇಜು ಬೇಕೆನ್ನುವವರ ಆಸೆ ಪೂರೈಸುವುದು ಅದೊಂದೇ: 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಶುರುವಾದದ್ದು, ಉಳ್ಳಾಲ ಶ್ರೀನಿವಾಸ ಮಲ್ಯರ ಹಟದ ಫಲ.

ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಆರಂಭವಾದದ್ದು 1968ರಲ್ಲಿ. ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಕಟ್ಟಲು ಬಂದಾಗ ಎದುರಿಗಿದ್ದದ್ದು ಮುರಕಲ್ಲಿನ ಬೋಳುಗುಡ್ಡ. 1980ರ ಸೆಪ್ಟೆಂಬರ್‌ನಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು; ಇತಿಹಾಸಕಾರ ಬಿ. ಶೇಖ್ ಅಲಿ ಮೊದಲ ಕುಲಪತಿ. ಈಗ ಮಂಗಳಗಂಗೋತ್ರಿಯ ಹಸಿರನ್ನು ನೋಡಿದವರು ಇಲ್ಲಿ ಮೊದಲೇ ಕಾಡಿತ್ತೇನೋ ಅಂದುಕೊಳ್ಳುತ್ತಾರೆ. "ಒಳಗೆ ನೋಡಲು ಎಂತದುಂಟು?" ಎಂದರೆ, ಪ್ರವಾಸಿಗೆ ಹೆಚ್ಚೇನಿಲ್ಲ. ಯಕ್ಷಗಾನಕ್ಕೊಂದು ಅಧ್ಯಯನ ಕೇಂದ್ರವೂ ಎಲೆಕ್ಟ್ರಾನುಗಳನ್ನು ಓಡಿಸುವ ಮೈಕ್ರೋಟ್ರಾನ್ ಯಂತ್ರವೂ ಒಂದೇ ಗುಡ್ಡದಲ್ಲಿರುವುದು ಕುತೂಹಲದ ಸಂಗತಿಯೇ, ಆದರೆ ಅವು ಟಿಕೆಟ್ ಕೊಟ್ಟು ನೋಡುವಂಥವಲ್ಲ. ಆಗಸ್ಟಿನಲ್ಲಿ ಹೋದವರಿಗೆ ಮುರಕಲ್ಲಿನ ಹಾಸಿನ ಮೇಲೆ ನೀರು ನಿಂತು, ಅಂಚಿನಲ್ಲಿ ಸಣ್ಣ ನೀಲಿ ಹೂಗಳು ಅರಳಿದ್ದು ಕಂಡೀತು.

ಬೇಡವೆಂದರೂ ಹೇಳಬೇಕಾದ ಇನ್ನೊಂದು ಜಾಗ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ಬಿಟ್ಟುಕೊಟ್ಟ, ಹಡಗಿನ ಆಕಾರದ ಈ ಬಂಗಲೆ 1960ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದ್ದರೂ ಬಸ್ಸಿಗೆ ಕಾಯುವವರು ಯಾರೂ ಅತ್ತ ಸುಳಿಯುವುದಿಲ್ಲ.

ಒಂದೇ ದಿನ ಇರುವವರು ಬೆಳಿಗ್ಗೆ ಕದ್ರಿ, ಬಿಸಿಲೇರುವ ಮೊದಲು ಚಾಪೆಲ್, ಮಧ್ಯಾಹ್ನ ಮೀನೂಟ, ನಾಲ್ಕರ ಮೇಲೆ ಸುಲ್ತಾನ್ ಬತ್ತೇರಿಯ ದೋಣಿ ಎಂದಿಟ್ಟುಕೊಂಡರೆ ಅವಸರವಿಲ್ಲದೆ ಮುಗಿಯುತ್ತದೆ. ವಾಪಸು ರೈಲು ಇದ್ದವರು ಟಿಕೆಟ್ಟನ್ನು ಒಮ್ಮೆ ತೆಗೆದು ನೋಡಲಿ. ಊರೊಳಗಿನ ಮಂಗಳೂರು ಸೆಂಟ್ರಲ್ 1907ರ ನಿಲ್ದಾಣ, ಹಳಿ ಅಲ್ಲಿಗೇ ಕೊನೆ. ಮುಂಬೈ-ಕೇರಳದ ಹಲವು ಗಾಡಿಗಳು ಅಲ್ಲಿಗೆ ಬರುವುದೇ ಇಲ್ಲ. ಪಡೀಲಿನ ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಹಾಗೆಯೇ ಹೊರಟುಹೋಗುತ್ತವೆ. ಬೆಂಗಳೂರಿನ ಗಾಡಿಗಳಲ್ಲಿ ಕೆಲವು ಸೆಂಟ್ರಲ್‌ನವು, ಕೆಲವು ಜಂಕ್ಷನ್‌ನವು. ಸಂಜೆಯ ಹೊತ್ತು ಪಂಪ್‌ವೆಲ್ ವೃತ್ತದಲ್ಲಿ ಸಿಕ್ಕಿಬಿದ್ದು "ಬೇಗ ಹೋಗಿ, ಸ್ಟೇಷನ್ ತಪ್ಪಿತು" ಎಂದು ಗೋಗರೆಯುವವರಿಗೆ ಯಾವ ರಿಕ್ಷಾದವರೂ ಏನೂ ಮಾಡಲಾರರು.